ದನಿ ಏಳದ ಪ್ರಶಿಕ್ಷಣಾರ್ಥಿ: ನಾನು ಹೇಗೆ ಕೈಹಿಡಿಯಲಿ?

ಓದುಗರ ಪ್ರಶ್ನೆ

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 14 ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಈ ವರ್ಷ ಬಿ.ಎಡ್. ಕಾಲೇಜಿನಿಂದ ಇಂಟರ್ನ್‌ಶಿಪ್‌ಗೆ ನಾಲ್ಕು ಜನ ಬಂದಿದ್ದಾರೆ. ಮೂವರು ಹೇಗೋ ಹೊಂದಿಕೊಂಡರು. ನನ್ನ ಪಾಲಿಗೆ ಬಂದ ಹುಡುಗಿಗೆ ಮಾತ್ರ ಆಗುತ್ತಲೇ ಇಲ್ಲ. ಎಂಟನೇ ತರಗತಿ ಎ ವಿಭಾಗದಲ್ಲಿ 52 ಮಕ್ಕಳಿದ್ದಾರೆ. ಅವಳ ದನಿ ಮೂರನೇ ಬೆಂಚು ದಾಟುವುದಿಲ್ಲ. ಪಾಠಯೋಜನೆ ಮಾತ್ರ ಮುತ್ತಿನಂಥ ಅಕ್ಷರದಲ್ಲಿ ಬರೆದು ತರುತ್ತಾಳೆ. ಹೋದ ವಾರ ಸಮೀಕರಣದ ಪಾಠ. 'ಈ ಕಡೆಯ ಪ್ಲಸ್ 5 ಆ ಕಡೆ ಹೋದರೆ ಮೈನಸ್ 5 ಆಗುತ್ತೆ' ಅಂದಳು. ಒಬ್ಬ ಹುಡುಗ ಎದ್ದು 'ಯಾಕೆ ಮಿಸ್ ಮೈನಸ್ ಆಗುತ್ತೆ?' ಅಂತ ಕೇಳಿದ. ಅವಳು ಸುಮ್ಮನೆ ನಿಂತುಬಿಟ್ಟಳು. ಮಕ್ಕಳು ನಕ್ಕರು. ನಾನೇ ಎದ್ದು ಹೋಗಿ ಗದರಿಸಿ ಪಾಠ ಮುಂದುವರಿಸಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಅತ್ತಳು. ಸಹೋದ್ಯೋಗಿಗಳು 'ಪಾಠ ಮಾಡೋದು ಹುಟ್ಟಿನಿಂದ ಬರಬೇಕು, ಇವಳ ಕೈಲಾಗಲ್ಲ' ಅನ್ನುತ್ತಾರೆ. ಒಬ್ಬರು 'ಕೈಗೊಂದು ಕೋಲು ಕೊಡಿ' ಅಂದರು. ಪೋರ್ಷನ್ ಹಿಂದೆ ಬಿದ್ದಿದೆ. ಬಿ ವಿಭಾಗವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಇನ್ನೂ 11 ವಾರ ಇದೆ. ಕೊನೆಗೆ ಅವಳ ಮೌಲ್ಯಮಾಪನ ಹಾಳೆಗೆ ನಾನೇ ಅಂಕ ಹಾಕಿ ಸಹಿ ಮಾಡಬೇಕು. ನಿಜ ಬರೆದರೆ ಅವಳ ಬದುಕು ಕೆಡುತ್ತದೆ, ಸುಳ್ಳು ಬರೆಯಲು ಮನಸ್ಸಿಲ್ಲ. ಏನು ಮಾಡಲಿ?

ತಜ್ಞರ ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಎದ್ದು ಕಾಣುತ್ತವೆ. ಈ ಹುಡುಗಿಯನ್ನು ತರಗತಿಯಲ್ಲಿ ನಿಲ್ಲುವಂತೆ ಮಾಡುವುದು ಹೇಗೆ ಅನ್ನುವುದು ಒಂದು. ಕೊನೆಯಲ್ಲಿ ಆ ಹಾಳೆಗೆ ಏನು ಬರೆಯುವುದು ಅನ್ನುವುದು ಇನ್ನೊಂದು. ಮೂರನೆಯದೂ ಇದೆ, ನೀವು 'ಪೋರ್ಷನ್' ಅನ್ನುವ ಒಂದೇ ಪದದಲ್ಲಿ ಹೇಳಿ ಮುಗಿಸಿದ್ದೀರಿ. ಆ 52 ಮಕ್ಕಳ ಕಲಿಕೆಯೂ ನಿಮ್ಮ ಹೊಣೆ. ಅವಳಿಗೆ ಸಹಾಯ ಮಾಡಬೇಕು ಅಂತ ಮಕ್ಕಳ ಪಾಠ ಬಿಟ್ಟುಕೊಡುವಂತಿಲ್ಲ. ನಾನು ಹೇಳುವುದೆಲ್ಲ ಈ ಮೂರನ್ನೂ ಜೊತೆಗಿಟ್ಟುಕೊಂಡೇ.

ಆರು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಆಮೇಲೆ 22 ವರ್ಷದಿಂದ ಬಿ.ಎಡ್. ಕಾಲೇಜಿನಲ್ಲಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಪಾಠಗಳಿಗೆ ಲೆಕ್ಕವಿಲ್ಲ. ಅದರ ಮೇಲೆ ಹೇಳುತ್ತೇನೆ: ನಿಮ್ಮ ಹುಡುಗಿಯ ಮೂಲ ತೊಂದರೆ ದನಿಯದ್ದಲ್ಲ. ಧೈರ್ಯದ್ದೂ ಅಲ್ಲ. ಆ ಹುಡುಗ 'ಯಾಕೆ ಮಿಸ್' ಅಂತ ಕೇಳಿದಾಗ ಅವಳ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಬರಬಹುದು ಅನ್ನುವ ಹೆದರಿಕೆ ತರಗತಿಗೆ ಕಾಲಿಡುವ ಮೊದಲೇ ಅವಳೊಳಗೆ ಇತ್ತು. ಗೊತ್ತಿಲ್ಲದ ವಿಷಯವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ದನಿ ತಾನಾಗಿ ಇಳಿಯುತ್ತದೆ.

ಇದು ಅವಳ ದಡ್ಡತನ ಅಂತ ದಯವಿಟ್ಟು ತಿಳಿಯಬೇಡಿ. ಬಿ.ಎಸ್ಸಿ.ಯಲ್ಲಿ ಅವಳು ಇದಕ್ಕಿಂತ ಎಷ್ಟೋ ಕಷ್ಟದ ಲೆಕ್ಕ ಬಿಡಿಸಿದ್ದಾಳೆ. ಆದರೆ ಚಿಹ್ನೆ ಯಾಕೆ ಬದಲಾಗುತ್ತದೆ ಅಂತ ಅವಳನ್ನು ಯಾರೂ ಯಾವತ್ತೂ ಕೇಳಿಲ್ಲ. ಎಂಟನೇ ತರಗತಿಯಲ್ಲಿ ಅವಳ ಮೇಷ್ಟ್ರು 'ಆ ಕಡೆ ಹೋದರೆ ಮೈನಸ್' ಅಂದರು, ಅವಳು ನಂಬಿದಳು, ಲೆಕ್ಕ ಸರಿ ಬಂತು. ಲೆಕ್ಕ ಬಿಡಿಸಲು ಅಷ್ಟು ಸಾಕು. ಕಲಿಸಲು ಸಾಲದು.

ಇನ್ನೊಂದು ಗಮನಿಸಿ. ಅವಳು ಡಿಗ್ರಿ ಓದಿದ್ದು ಇಂಗ್ಲಿಷಿನಲ್ಲಿ ತಾನೇ? ನಮ್ಮ ಗಣಿತ, ವಿಜ್ಞಾನದ ಪ್ರಶಿಕ್ಷಣಾರ್ಥಿಗಳಲ್ಲಿ ಜಾಸ್ತಿ ಜನ ಹಾಗೇ ಬರುತ್ತಾರೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ನಿಂತಾಗ 'ವೇರಿಯಬಲ್' ಬಾಯಿಗೆ ಬರುತ್ತದೆ, 'ಚರಾಕ್ಷರ' ಬರುವುದಿಲ್ಲ. ಛೇದ ಯಾವುದು, ಅಂಶ ಯಾವುದು, ಸಹಗುಣಕ ಅಂದರೇನು ಅಂತ ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ಮಾತಾಡಬೇಕು. ಪ್ರತಿ ವಾಕ್ಯಕ್ಕೂ ಅರೆಕ್ಷಣ ತಡ. ಆ ಅರೆಕ್ಷಣದಲ್ಲೇ ಹಿಂದಿನ ಬೆಂಚು ಕೈಬಿಟ್ಟು ಹೋಗುತ್ತದೆ. ನಿಮ್ಮಂಥವರಿಗೆ 14 ವರ್ಷದಲ್ಲಿ ಈ ಪದಗಳು ನಾಲಿಗೆಯಲ್ಲೇ ಇರುವುದರಿಂದ ಅವಳ ತೊಡಕು ಕಾಣುವುದಿಲ್ಲ. ಮುಂದಿನ ಘಟಕದ ಇಪ್ಪತ್ತು ಪದಗಳನ್ನು ಒಂದು ಹಾಳೆಯಲ್ಲಿ ಬರೆಸಿ, ಗಟ್ಟಿಯಾಗಿ ವಾಕ್ಯದಲ್ಲಿ ಹೇಳಿಸಿ. ಹತ್ತು ನಿಮಿಷದ ಕೆಲಸ. ಇದರಿಂದ ಎಷ್ಟು ಜನರ ಮಾತು ಸಲೀಸಾಗಿದೆ ಅಂತ ನಾನೇ ಕಂಡಿದ್ದೇನೆ.

ಈಗ ಸ್ಟಾಫ್ ರೂಮಿನ ಮಾತುಗಳಿಗೆ ಬರೋಣ.

'ಹುಟ್ಟಿನಿಂದ ಬರಬೇಕು' ಅನ್ನುವುದು ಸುಳ್ಳು. ಕೆಲವರಿಗೆ ಮಾತು ಬೇಗ ಕೂಡಿಬರುತ್ತದೆ, ನಿಜ. ಆದರೆ ತರಗತಿ ನಡೆಸುವುದು ನೂರು ಸಣ್ಣ ಕೆಲಸಗಳ ಕಂತೆ. ಎಲ್ಲಿ ನಿಲ್ಲಬೇಕು, ಬೋರ್ಡಿನ ಮೇಲೆ ಯಾವಾಗ ಬರೆಯಬೇಕು, ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯಬೇಕು ಇವೆಲ್ಲ ಕಲಿತು ಬರುವಂಥವು. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದ್ದ ಫ್ರಾನ್ಸಿಸ್ ಫುಲ್ಲರ್ ಅನ್ನುವ ಸಂಶೋಧಕಿ ಹೊಸ ಶಿಕ್ಷಕರ ಚಿಂತೆಗಳ ಬಗ್ಗೆ 1969ರಲ್ಲೇ ಬರೆದಿದ್ದರು. ಹೊಸಬರಿಗೆ ಮೊದಲು ತಮ್ಮ ಬಗ್ಗೆಯೇ ಚಿಂತೆ ಇರುತ್ತದೆ: ಮಕ್ಕಳು ನನ್ನ ಮಾತು ಕೇಳುತ್ತಾರಾ, ನಗುತ್ತಾರಾ. ಅನುಭವ ಆಗುತ್ತಾ ಬಂದಂತೆ ಮಕ್ಕಳು ಕಲಿತರೋ ಇಲ್ಲವೋ ಅನ್ನುವ ಕಡೆಗೆ ಗಮನ ಹೋಗುತ್ತದೆ. ನಿಮ್ಮ ಹುಡುಗಿ ಇನ್ನೂ ಆ ಮೊದಲ ಚಿಂತೆಯಲ್ಲೇ ಇದ್ದಾಳೆ. ಅಲ್ಲಿ ಸಿಕ್ಕಿಕೊಂಡವರಿಗೆ 'ಧೈರ್ಯವಾಗಿರಮ್ಮ' ಅಂದರೆ ಏನೂ ಸಿಕ್ಕಂತಾಗುವುದಿಲ್ಲ. ಅವಳ ಗಮನವನ್ನು ತನ್ನ ಮೇಲಿಂದ ಮಕ್ಕಳ ನೋಟ್‌ಬುಕ್ಕಿನ ಕಡೆಗೆ ತಿರುಗಿಸುವ ಕೆಲಸ ಕೊಡಬೇಕು.

ಕೋಲಿನ ಮಾತು ಹೇಳಿದವರಿಗೆ ಒಂದು ತಿಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದೂ ಮಾನಸಿಕ ಹಿಂಸೆ ಮಾಡುವುದೂ ನಿಷಿದ್ಧ. ಎಂಟನೇ ತರಗತಿಗೂ ಅದು ಅನ್ವಯಿಸುತ್ತದೆ. ಕಾನೂನಿನ ಮಾತು ಬಿಟ್ಟು ನೋಡಿದರೂ, ಹೆದರಿದ ಶಿಕ್ಷಕಿಯ ಕೈಗೆ ಕೋಲು ಕೊಡುವುದು ಅತ್ಯಂತ ಅಪಾಯ. ಅವಳು ಹೊಡೆಯುವುದು ಮಗುವಿನ ತಪ್ಪಿಗಾಗಿ ಅಲ್ಲ, ತನ್ನ ಭಯಕ್ಕಾಗಿ.

'ನೀರಿಗೆ ತಳ್ಳಿದರೆ ಈಜು ತಾನಾಗಿ ಬರುತ್ತೆ' ಅನ್ನುವವರೂ ಇರುತ್ತಾರೆ. ನಾನು ಬಿ.ಎಡ್. ಮಾಡಿದ್ದು ಒಂದೇ ವರ್ಷದ ಕಾಲದಲ್ಲಿ. ಎರಡು ವಿಷಯಕ್ಕೂ ಸೇರಿ 40 ಪಾಠ ಮಾಡಿ ಕೈ ತೊಳೆದುಕೊಳ್ಳುತ್ತಿದ್ದೆವು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ 2014ರ ನಿಯಮಾವಳಿಯಿಂದ ಕೋರ್ಸ್ ಎರಡು ವರ್ಷದ್ದಾಯಿತು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ, ಒಟ್ಟು 20 ವಾರ ಶಾಲೆಯಲ್ಲಿರಬೇಕು ಅಂತ ಬಂತು. ಹೊಸಬರು ಶಾಲೆಯಲ್ಲಿ ಇದ್ದು, ನೋಡಿ, ಮಾಡಿ, ತಿದ್ದಿಕೊಳ್ಳಲಿ ಅಂತಲೇ ಅಷ್ಟು ಸಮಯ ಕೊಟ್ಟಿರುವುದು. ಆದರೆ ಎಷ್ಟೋ ಕಡೆ ಆಗುವುದೇನು? ಬಂದ ಮೊದಲ ದಿನವೇ 'ಎಂಟನೇ ಕ್ಲಾಸ್ ನೀವು ನೋಡ್ಕೊಳ್ಳಿ' ಅಂತ ಚಾಕ್‌ಪೀಸ್ ಕೈಗಿಡುತ್ತಾರೆ. ರಜೆ ಹಾಕಿದವರ ಪೀರಿಯಡ್ಡಿಗೂ ಅವರೇ, ಮಕ್ಕಳ ವಿವರ ದಾಖಲಿಸುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಲೂ ಅವರೇ. ಇದು ನನಗೆ ತುಂಬ ನೋವಿನ ವಿಷಯ. ಕಲಿಯಲು ಬಂದವರನ್ನು ಖಾಲಿ ಜಾಗ ತುಂಬಲು ಬಳಸಿದರೆ ಅವರು ಕಲಿಯುವುದು ದಿನ ದೂಡುವುದನ್ನು ಮಾತ್ರ.

ಇನ್ನು ಆ ಮುತ್ತಿನಂಥ ಪಾಠಯೋಜನೆ. 5ಇ ಅನ್ನುವ ಪಾಠದ ಮಾದರಿಯ ಐದು ಹಂತಗಳು, ಕಲಿಕಾ ಫಲ, ಚಟುವಟಿಕೆ, ಮೌಲ್ಯಮಾಪನ ಎಲ್ಲ ಅದರಲ್ಲಿ ಇರುತ್ತದೆ. ಒಂದು ಮಾತ್ರ ಇರುವುದಿಲ್ಲ: ಮಕ್ಕಳು ಏನು ತಪ್ಪು ಮಾಡಬಹುದು, ಏನು ಕೇಳಬಹುದು. ನಮ್ಮ ಕಾಲೇಜುಗಳ ಕೊರತೆಯೂ ಇದರಲ್ಲಿದೆ, ಒಪ್ಪುತ್ತೇನೆ. ಸೂಕ್ಷ್ಮ ಬೋಧನೆ, ಅಂದರೆ ಕೆಲವೇ ನಿಮಿಷದ ಅಭ್ಯಾಸ ಪಾಠ, 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾದಾಗ ಎದುರಿಗೆ ಕೂರುತ್ತಿದ್ದವರು ನಿಜವಾದ ವಿದ್ಯಾರ್ಥಿಗಳು. ನಮ್ಮಲ್ಲಿ ಸಹಪಾಠಿಗಳೇ ಮಕ್ಕಳಾಗಿ ಕೂರುತ್ತಾರೆ. ಆರು ನಿಮಿಷದ ಪಾಠ. ಗೆಳತಿ ಕೇಳುವ ಪ್ರಶ್ನೆ ಮೊದಲೇ ಗೊತ್ತು, ಉತ್ತರವೂ ಗೊತ್ತು. ಅಲ್ಲಿಂದ ಸೀದಾ 52 ಮಕ್ಕಳ ಮುಂದೆ. ಯಾರಿಗಾದರೂ ಕಾಲು ನಡುಗುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ನೀವು ನಿಲ್ಲಿಸಬೇಕಾದದ್ದು ಒಂದಿದೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಜಾಗದಲ್ಲಿ ಬಹಳ ಜನ ಇದನ್ನೇ ಮಾಡುತ್ತಾರೆ. ಗಲಾಟೆ ಆದಾಗ ನೀವು ಎದ್ದು ಹೋಗಿ ಗದರಿಸಿದಿರಿ. ತರಗತಿ ತಟ್ಟನೆ ಸುಮ್ಮನಾಯಿತು. ಆ ಕ್ಷಣದಲ್ಲಿ ಮಕ್ಕಳಿಗೆ ತಿಳಿದದ್ದು ಏನು? ಈ ಮಿಸ್ ಮಾತು ಕೇಳದಿದ್ದರೂ ನಡೆಯುತ್ತದೆ, ದೊಡ್ಡ ಮಿಸ್ ಎದ್ದಾಗ ಸುಮ್ಮನಾದರೆ ಸಾಕು. ಮಾರನೇ ದಿನ ಅವಳ ಕೆಲಸ ಇನ್ನೂ ಕಷ್ಟವಾಯಿತು. ಇದರ ಬದಲು ಇಬ್ಬರೂ ಮೊದಲೇ ಒಂದು ಮಾತು ಮಾಡಿಕೊಳ್ಳಿ. ಸಿಕ್ಕಿಹಾಕಿಕೊಂಡಾಗ ಅವಳೇ ಚಾಕ್‌ಪೀಸ್ ನಿಮ್ಮ ಕಡೆ ಚಾಚಿ, 'ಮೇಡಂ, ಇದನ್ನು ಇನ್ನೊಂದು ರೀತೀಲಿ ಮಾಡಿ ತೋರಿಸ್ತೀರಾ?' ಅನ್ನಲಿ. ನೀವು ಹೋಗಿ, ಎರಡು ನಿಮಿಷ ತೋರಿಸಿ, ಚಾಕ್‌ಪೀಸ್ ವಾಪಸ್ ಕೊಟ್ಟು ಕೂತುಬಿಡಿ. ಮಕ್ಕಳ ಕಣ್ಣಿಗೆ ಅದು ಅವಳು ಕರೆದದ್ದು, ನೀವು ಕಿತ್ತುಕೊಂಡದ್ದಲ್ಲ.

ಮಕ್ಕಳ ಮುಂದೆ ಅವಳನ್ನು ಹೇಗೆ ಕರೆಯುತ್ತೀರಿ ಅನ್ನುವುದೂ ಮುಖ್ಯ. 'ಬಾಮ್ಮ ಇಲ್ಲಿ', 'ಏನಮ್ಮ ನಿನ್ನ ಪಾಠ ಮುಗೀತಾ' ಅಂತ ಪ್ರೀತಿಯಿಂದಲೇ ಅನ್ನುತ್ತೇವೆ, ಮಗಳ ವಯಸ್ಸಿನವಳು ಅಲ್ವಾ. ಆದರೆ ಮಕ್ಕಳು ಕಿವಿ ಕೊಟ್ಟು ಕೇಳುತ್ತಿರುತ್ತಾರೆ. ತರಗತಿಯಲ್ಲಿ, ವರಾಂಡದಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ ಅವಳನ್ನು 'ಮೇಡಂ' ಅನ್ನಿ, 'ನೀವು' ಅನ್ನಿ. ಸ್ಟಾಫ್ ರೂಮಿನಲ್ಲಿ ಅವಳಿಗೆ ಅಂತ ಒಂದು ಕುರ್ಚಿ ಇದೆಯಾ ನೋಡಿ. ಇಂಟರ್ನ್‌ಶಿಪ್ ಪೂರ್ತಿ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಊಟ ಮಾಡಿದವರನ್ನು ಕಂಡಿದ್ದೇನೆ.

ಎರಡನೆಯದು, ಅವಳ ಪಾಠ ನೋಡುವ ರೀತಿ ಬದಲಾಯಿಸಿ. 'ದನಿ ಸಾಲದು, ಹಿಡಿತ ಇಲ್ಲ, ಸುಧಾರಿಸಬೇಕು' ಅಂತ ಅವಲೋಕನ ಪುಸ್ತಕದಲ್ಲಿ ಬರೆದರೆ ಅವಳು ಅದನ್ನು ಓದಿ ಏನು ಮಾಡಬೇಕು? ಅಭಿಪ್ರಾಯ ಬೇಡ, ಕಂಡದ್ದನ್ನು ಬರೆಯಿರಿ, ಗಂಟೆ ನಿಮಿಷದ ಸಮೇತ. ಕೆಲವು ವರ್ಷದ ಹಿಂದೆ ಇಂಥದ್ದೇ ಕಷ್ಟದಲ್ಲಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳ ಪಾಠ ನೋಡುತ್ತಾ ನಾನು ಹೀಗೆ ಬರೆದುಕೊಂಡಿದ್ದೆ:

11.20 ಒಳಗೆ ಬಂದರು. 11.22 ಬೋರ್ಡ್ ಒರೆಸಿ ದಿನಾಂಕ, ತರಗತಿ, ವಿಷಯ, ಘಟಕ ಬರೆಯಲು ಶುರು. 11.23 ಕಿಟಕಿ ಸಾಲಿನಲ್ಲಿ ಮಾತು. 11.26 ಮುಖ ಇನ್ನೂ ಬೋರ್ಡಿನ ಕಡೆಗೇ. 11.27 'ಸೈಲೆನ್ಸ್' ಅಂದರು, ತಿರುಗಲಿಲ್ಲ. 11.31 ಮೊದಲ ಪ್ರಶ್ನೆ. ಆ ಹೊತ್ತಿಗೆ ನೋಟ್‌ಬುಕ್ ತೆರೆದಿದ್ದ ಮಕ್ಕಳು 9.

ಪಾಠ ಮುಗಿದ ಮೇಲೆ ಬೇವಿನ ಮರದ ಕಟ್ಟೆಯ ಮೇಲೆ ಕೂತು ಆ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಅವಳು ಬೆರಳಿಟ್ಟು ಓದಿದಳು. ಆಮೇಲೆ 'ಸರ್, ಹನ್ನೊಂದು ನಿಮಿಷ ನಾನು ಅವರಿಗೆ ಮಾಡೋಕೆ ಏನೂ ಕೊಟ್ಟೇ ಇಲ್ಲ' ಅಂದಳು. ಗಲಾಟೆ ಮಾಡುವ ಮಕ್ಕಳು ಅಂತ ಅಷ್ಟು ದಿನ ಅಳುತ್ತಿದ್ದವಳು ಅವತ್ತು ಮೊದಲ ಸಲ ಗಡಿಯಾರ ನೋಡಿದಳು. ಮಾರನೇ ದಿನ ಒಂದೇ ಒಂದು ಬದಲಾವಣೆ. ಅವಳು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಒಂದು ಸುಲಭದ ಲೆಕ್ಕ ಇರಬೇಕು, ಹಿಂದಿನ ಪೀರಿಯಡ್ ಮುಗಿದ ಕೂಡಲೇ ಲೀಡರ್ ಅದನ್ನು ಬರೆದಿಡಬೇಕು. ಮಕ್ಕಳು ಅದನ್ನು ಬಿಡಿಸುತ್ತಾ ಇರುವಾಗ ಅವಳು ಬೆಂಚುಗಳ ನಡುವೆ ಓಡಾಡಬೇಕು. ದನಿ ಎತ್ತುವ ಅಗತ್ಯವೇ ಬರಲಿಲ್ಲ, ಯಾಕೆಂದರೆ ಅವಳು ಮೂರನೇ ಬೆಂಚಿನ ಪಕ್ಕದಲ್ಲೇ ನಿಂತಿದ್ದಳು.

ಒಂದು ದಿನಕ್ಕೆ ಒಂದೇ ವಿಷಯ ತಿದ್ದಿ, ಎರಡನೆಯದನ್ನು ಬಾಯಿಬಿಡಬೇಡಿ. ನನಗೂ ಇದು ಕಷ್ಟವೇ. ಹತ್ತು ತಪ್ಪು ಕಂಡಾಗ ಹತ್ತನ್ನೂ ಹೇಳಿಬಿಡುವ ಆಸೆ ಆಗುತ್ತದೆ. ಕೇಳುವವರಿಗೆ ಅದು 'ನೀನು ಸರಿಯಿಲ್ಲ' ಅಂತಷ್ಟೇ ಕೇಳಿಸುತ್ತದೆ.

ಯಾವುದನ್ನು ಮೊದಲು ತಿದ್ದಬೇಕು? ನಾನಾದರೆ ಮೊದಲ ಹತ್ತು ನಿಮಿಷ. ಆಮೇಲೆ 'ಅರ್ಥ ಆಯ್ತಾ?' ಅನ್ನುವ ಪ್ರಶ್ನೆ. ಅದಕ್ಕೆ ಬರುವ ಉತ್ತರ ಗೊತ್ತೇ ಇದೆ, 52 ದನಿಯಲ್ಲಿ 'ಆಯ್ತು ಮಿಸ್'. ಅದರ ಬದಲು 'ಮುಂದಿನ ಸಾಲು ನೀವೇ ಬರೀರಿ' ಅನ್ನಲಿ, ಬಂದು ನೋಡಲಿ. ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಕಲಿಸಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಅಳೆದು ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯುತ್ತಿರಲಿಲ್ಲ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾದವು, ಉತ್ತರ ಕೊಡದೆ ಕೂರುವವರು ಕಡಿಮೆಯಾದರು. ಹೆದರಿದವರಿಗೆ ಮೂರು ಸೆಕೆಂಡ್ ಮೌನ ಒಂದು ಯುಗದಂತೆ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಲು ಹೇಳಿಕೊಡಿ.

ಆ 'ಯಾಕೆ ಮಿಸ್' ಪ್ರಶ್ನೆಯನ್ನು ಹಾಗೇ ಬಿಡಬೇಡಿ. ಅವಳನ್ನು ಕೂರಿಸಿಕೊಂಡು ಒಂದು ತಕ್ಕಡಿ ಬರೆಯಿರಿ. ಒಂದು ತಟ್ಟೆಯಲ್ಲಿ ಎರಡು ಒಂದೇ ತೂಕದ ಬೆಲ್ಲದ ಅಚ್ಚು, ಜೊತೆಗೆ 5 ಬಟ್ಟು. ಇನ್ನೊಂದರಲ್ಲಿ 17 ಬಟ್ಟು. ತಕ್ಕಡಿ ಸಮ ನಿಂತಿದೆ. ಎಡಗಡೆಯಿಂದ 5 ಬಟ್ಟು ತೆಗೆದರೆ ತಕ್ಕಡಿ ವಾಲುತ್ತದೆ. ವಾಲಬಾರದು ಅಂದರೆ ಬಲಗಡೆಯಿಂದಲೂ 5 ತೆಗೆಯಬೇಕು. ಉಳಿದದ್ದು 12. ಒಂದೊಂದು ಅಚ್ಚಿಗೆ 6. ಯಾವ 5ನ್ನೂ ಯಾರೂ 'ಆ ಕಡೆ' ಕಳಿಸಲಿಲ್ಲ, ಎರಡೂ ಕಡೆಯಿಂದ ತೆಗೆದರು ಅಷ್ಟೇ. ಇದನ್ನು ಅವಳೇ ಬಾಯಿಬಿಟ್ಟು ಹೇಳುವವರೆಗೆ ಬಿಡಬೇಡಿ. ಆಮೇಲೆ ಅದೇ ಹುಡುಗನ ಹೆಸರು ಹಿಡಿದು, 'ನೀನು ಹೋದ ವಾರ ಒಳ್ಳೇ ಪ್ರಶ್ನೆ ಕೇಳಿದೆ, ಬಾ ಉತ್ತರ ನೋಡೋಣ' ಅಂತ ಅವಳೇ ತರಗತಿಯಲ್ಲಿ ಶುರು ಮಾಡಲಿ. ಸೋತ ಜಾಗದಲ್ಲೇ ಎದ್ದು ನಿಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಇನ್ನು ಮುಂದೆ ಪಾಠಯೋಜನೆಯ ಕೊನೆಗೆ ಒಂದು ಸಾಲು ಕಡ್ಡಾಯ ಮಾಡಿ: 'ಮಕ್ಕಳು ಕೇಳಬಹುದಾದ ಎರಡು ಯಾಕೆ'.

ಕೆಲಸ ಹಂಚಿಕೊಳ್ಳುವ ದಾರಿಗಳು ಹಲವಿವೆ, ಒಂದೊಂದಕ್ಕೂ ಅದರದ್ದೇ ಅಪಾಯ ಇದೆ. ನಾನು ಮೊದಲು ಹೇಳುವುದು ಜೊತೆಪಾಠ. ಹೊಸ ವಿಷಯವನ್ನು ನೀವು ಶುರು ಮಾಡಿ, ನಡುವಿನ ಹದಿನೈದು ನಿಮಿಷ ಅವಳದ್ದು, ಕೊನೆಗೆ ಮತ್ತೆ ನೀವು. ಪೋರ್ಷನ್ ನಿಲ್ಲುವುದಿಲ್ಲ, ಮಕ್ಕಳಿಗೆ ನಷ್ಟ ಇಲ್ಲ. ಅಪಾಯ ಏನೆಂದರೆ ಮಕ್ಕಳು ಅವಳನ್ನು ಸಹಾಯಕಿ ಅಂದುಕೊಂಡುಬಿಡುತ್ತಾರೆ, ಅವಳೂ ಹಾಗೇ ಅಂದುಕೊಳ್ಳುತ್ತಾಳೆ. ಆದ್ದರಿಂದ ಮೊದಲೇ ತಾರೀಖು ಬರೆದಿಡಿ: ಎರಡನೇ ವಾರಕ್ಕೆ ಶುರುವಿನ ಹತ್ತು ನಿಮಿಷವೂ ಅವಳಿಗೆ, ನಾಲ್ಕನೇ ವಾರಕ್ಕೆ ಪೂರ್ತಿ ಪೀರಿಯಡ್.

ಇದರ ಜೊತೆಗೆ ನಿಮ್ಮ ಬಿ ವಿಭಾಗವನ್ನು ಬಳಸಿಕೊಳ್ಳಿ. ಸೂಕ್ಷ್ಮ ಬೋಧನೆಯಲ್ಲಿ ಒಂದು ಒಳ್ಳೆಯ ಅಂಶ ಇದೆ, ಮರುಬೋಧನೆ. ಪಾಠ ಮಾಡಿ, ತಪ್ಪು ತಿಳಿದು, ಯೋಜನೆ ತಿದ್ದಿ, ಮತ್ತೆ ಅದೇ ಪಾಠ ಮಾಡುವುದು. ಶಾಲೆಗೆ ಬಂದ ಮೇಲೆ ಈ ಅವಕಾಶವೇ ಸಿಗುವುದಿಲ್ಲ. ಇವತ್ತು ಕೆಟ್ಟ ಪಾಠ ಕೆಟ್ಟದ್ದೇ, ನಾಳೆ ಬೇರೆ ಪಾಠ. ಅವಳು ಎ ವಿಭಾಗದಲ್ಲಿ ಮಾಡಿದ ಹದಿನೈದು ನಿಮಿಷವನ್ನು ತಿದ್ದಿಕೊಂಡು ಮಾರನೇ ದಿನ ಬಿ ವಿಭಾಗದಲ್ಲಿ ಮಾಡಲಿ. ಬಿ ವಿಭಾಗದ ಮಕ್ಕಳು ಅವಳು ಸೋತದ್ದನ್ನು ನೋಡಿಲ್ಲ. ಎರಡನೇ ಸಲ ಮಾಡುವಾಗ ಅವಳ ಮುಖ ನೋಡಿ, ನಿಮಗೇ ಗೊತ್ತಾಗುತ್ತದೆ.

ಕಲಿಕೆಯಲ್ಲಿ ಹಿಂದೆ ಬಿದ್ದ ಎಂಟು ಹತ್ತು ಮಕ್ಕಳ ಗುಂಪಿಗೆ ಪರಿಹಾರ ಬೋಧನೆ ಕೊಡಿಸುವುದೂ ಒಳ್ಳೆಯದೇ, ಆತ್ಮವಿಶ್ವಾಸ ಬೇಗ ಬರುತ್ತದೆ. ಆದರೆ ಅಲ್ಲೇ ಬೆಚ್ಚಗೆ ಉಳಿದುಬಿಡುವ ಸಾಧ್ಯತೆ ಜಾಸ್ತಿ, ಎರಡು ವಾರಕ್ಕಿಂತ ಬೇಡ. ಎ ವಿಭಾಗ ಪೂರ್ತಿ ಬಿಡಿಸಿ ಬೇರೆ ತರಗತಿ ಕೊಡುವುದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಓಡಿಹೋದೆ ಅನ್ನುವ ಭಾವನೆ ಉಳಿಯುತ್ತದೆ.

ಕಾಲೇಜಿನ ಮೇಲ್ವಿಚಾರಕ ಉಪನ್ಯಾಸಕರಿಗೆ ಈಗಲೇ ಫೋನ್ ಮಾಡಿ. ಅವರು ಚಟುವಟಿಕೆ, ಚಾರ್ಟು, ಮಾದರಿ ಅನ್ನುತ್ತಾರೆ, ನೀವು ಪೋರ್ಷನ್ ಅನ್ನುತ್ತೀರಿ. ನಡುವೆ ಸಿಕ್ಕಿದವಳು ಯಾರ ಮಾತು ಕೇಳಬೇಕು? ಈ ತಿಂಗಳು ಇವಳಿಗೆ ಯಾವ ಒಂದೆರಡು ವಿಷಯ ತಿದ್ದುತ್ತೇವೆ ಅಂತ ಇಬ್ಬರೂ ಒಪ್ಪಿಕೊಳ್ಳಿ. ಹೆಡ್ ಮಾಸ್ಟರ ಹತ್ತಿರ ವಾರಕ್ಕೆ ಒಂದು ಪೀರಿಯಡ್ ಬಿಡುವು ಕೇಳಿ. ಮಾರ್ಗದರ್ಶಿ ಶಿಕ್ಷಕರಿಗೆ ಇದಕ್ಕಾಗಿ ಪ್ರತ್ಯೇಕ ಸಮಯ ಕೊಡುವ ಶಾಲೆ ಅಪರೂಪ, ಆದರೆ ಕೇಳಿದರೆ ಕೊಡುವವರು ಇದ್ದಾರೆ.

ಅವಳು ಅತ್ತಾಗ ಪಾಠದ ಮಾತೇ ಎತ್ತಬೇಡಿ. ನೀರು ಕೊಡಿ, ಹತ್ತಿರ ಕೂರಿ. 'ಇಷ್ಟಕ್ಕೆಲ್ಲ ಅಳ್ತಾರಾ' ಅನ್ನಬೇಡಿ. ಬೇರೆ ದಿನ, ಮನಸ್ಸು ತಿಳಿಯಾಗಿರುವಾಗ, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀಯ, ಎಷ್ಟು ಬಸ್ ಬದಲಾಯಿಸುತ್ತೀಯ, ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳಿ. ಪಾಠದ ತೊಂದರೆ ಅಂತ ಕಾಣುವುದು ಕೆಲವೊಮ್ಮೆ ಬೆಳಗಿನ ತಿಂಡಿ ತಿನ್ನದ ತೊಂದರೆ ಆಗಿರುತ್ತದೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನುವ ಥರ ಮಾತಾಡಿದರೆ ಅದು ನೀವೊಬ್ಬರೇ ಹೊರುವ ವಿಷಯವಲ್ಲ. ಮನೆಯವರಿಗೆ, ಕಾಲೇಜಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಇನ್ನು ಸಹಿಯ ವಿಷಯ. ಸುಳ್ಳು ಅಂಕ ಹಾಕಬೇಡಿ. ಕರುಣೆಯಿಂದ ಎಲ್ಲರಿಗೂ 'ಅತ್ಯುತ್ತಮ' ಬರೆದುಕೊಡುವವರು ಬಹಳ ಜನ. ಅವಳಿಗೆ ಈಗ 23 ವರ್ಷ ಅಂದುಕೊಳ್ಳಿ. ಸರ್ಕಾರಿ ಕೆಲಸ ಸಿಕ್ಕರೆ 60ರವರೆಗೆ ತರಗತಿಯಲ್ಲಿ ಇರುತ್ತಾಳೆ. ಅಷ್ಟು ವರ್ಷ ಪ್ರತಿದಿನ ಹೆದರಿಕೊಂಡು ಒಳಗೆ ಹೋಗುವ ಶಿಕ್ಷಕಿಯನ್ನು, ಅವಳ ಮುಂದೆ ಕೂರುವ ಅಷ್ಟೂ ಮಕ್ಕಳನ್ನು ನೆನೆಸಿಕೊಳ್ಳಿ. ಆದರೆ ನಿಜವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಅನ್ಯಾಯ. 11 ವಾರ ಸುಮ್ಮನಿದ್ದು ಕೊನೆಗೆ ಕಡಿಮೆ ಅಂಕ ಕೊಟ್ಟರೆ ಅದು ಬೆನ್ನಿಗೆ ಹೊಡೆದ ಹಾಗೆ. ಈಗಲೇ ಹೇಳಿ: 'ಸದ್ಯ ನಿಮ್ಮ ಪಾಠ ಪಾಸಾಗುವ ಮಟ್ಟಕ್ಕಿಲ್ಲ. ಈ ಎರಡು ವಿಷಯ ಬದಲಾದರೆ ಆಗುತ್ತದೆ. ನಾನು ಜೊತೆಗಿದ್ದೇನೆ.' ನಿಮಿಷದ ಟಿಪ್ಪಣಿಗಳನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. ಕೊನೆಗೆ ಹಾಳೆ ತುಂಬುವಾಗ ಅವೇ ಮಾತಾಡುತ್ತವೆ. ಇಂಟರ್ನ್‌ಶಿಪ್ ಮುಂದುವರಿಸಲು ಅಥವಾ ಕೆಲವು ಪಾಠ ಮತ್ತೆ ಮಾಡಲು ಅವಕಾಶ ಇದೆಯಾ ಅಂತ ಕಾಲೇಜಿನಲ್ಲಿ ಮೊದಲೇ ವಿಚಾರಿಸಿ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ನಿಯಮ ಬೇರೆ ಇರುತ್ತದೆ, ಕೊನೆಯ ವಾರದಲ್ಲಿ ಕೇಳಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಯಾವಾಗ 'ಆಗುವುದಿಲ್ಲ' ಅನ್ನಬೇಕು? ಕೆಲಸವನ್ನು ಇಷ್ಟು ಸಣ್ಣದು ಮಾಡಿಕೊಟ್ಟ ಮೇಲೂ ನಾಲ್ಕು ವಾರದಲ್ಲಿ ಒಂದೇ ಒಂದು ವಿಷಯವೂ ಬದಲಾಗದಿದ್ದರೆ, ಮಕ್ಕಳಿಗೆ ಪದೇ ಪದೇ ತಪ್ಪು ಲೆಕ್ಕ ಕಲಿಸಿ ತಿದ್ದಿಕೊಳ್ಳದಿದ್ದರೆ, ಮಕ್ಕಳನ್ನು ಹೊಡೆದರೆ, ಹೀಯಾಳಿಸಿದರೆ. ಇವುಗಳಲ್ಲಿ ಕೊನೆಯ ಎರಡಕ್ಕೆ ನಾಲ್ಕು ವಾರವೂ ಕಾಯಬೇಕಿಲ್ಲ. ಅವಳನ್ನು ಇನ್ನೊಂದು ಪ್ರಶ್ನೆ ಕೇಳಲು ಹಿಂಜರಿಯಬೇಡಿ: 'ಈ ಕೆಲಸ ನಿಮಗೆ ಬೇಕಾ?' ಮದುವೆ ಆಗುವವರೆಗೆ ಒಂದು ಕೋರ್ಸ್ ಇರಲಿ ಅಂತ ಮನೆಯವರು ಸೇರಿಸಿದ ಹುಡುಗಿಯರು ಎಷ್ಟೋ ಜನ ಬರುತ್ತಾರೆ. ಬೇಡ ಅನ್ನುವುದಕ್ಕೂ ಅವರಿಗೆ ಯಾರೋ ಒಬ್ಬರು ಜಾಗ ಕೊಡಬೇಕು. ಆದರೆ ಪಾಠ ಕೆಟ್ಟ ದಿನ ಇದನ್ನು ಕೇಳಬೇಡಿ.

ನಿಮ್ಮ ಹುಡುಗಿ ಆ ಗುಂಪಿನವಳು ಅಂತ ನನಗೆ ಅನ್ನಿಸುವುದಿಲ್ಲ. ಪಾಠ ಬೇಡದವರು ಅಷ್ಟು ಶ್ರದ್ಧೆಯಿಂದ ಯೋಜನೆ ಬರೆಯುವುದಿಲ್ಲ, ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ ಅಂತ ಅಳುವುದೂ ಇಲ್ಲ.

ಈ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ ಇಬ್ಬರೂ ಎಂಟನೇ ತರಗತಿಯಲ್ಲೇ ಕೂರಿ, ಖಾಲಿ ಬೆಂಚುಗಳ ಮುಂದೆ. ಹಾಜರಿ ಪುಸ್ತಕ ಇಟ್ಟುಕೊಂಡು ಯಾವ ಬೆಂಚಿನಲ್ಲಿ ಯಾರು ಅಂತ ಅವಳ ಕೈಯಲ್ಲಿ ಒಂದು ನಕ್ಷೆ ಬರೆಸಿ. ಯಾವ ಹುಡುಗನಿಗೆ ಮಗ್ಗಿ ಬರುವುದಿಲ್ಲ, ಯಾವ ಹುಡುಗಿ ಬೇಗ ಮುಗಿಸಿ ಪಕ್ಕದವರನ್ನು ಮಾತಿಗೆಳೆಯುತ್ತಾಳೆ, ಯಾರಿಗೆ ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ. 'ಯಾಕೆ ಮಿಸ್' ಅಂದ ಹುಡುಗ ಎಲ್ಲಿ ಕೂರುತ್ತಾನೆ ಅಂತ ಅವಳನ್ನೇ ಕೇಳಿ. ಆ ಜಾಗ ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ಆ ಬೆಂಚಿನ ಮೇಲೆ ತಕ್ಕಡಿ ಬರೆದು ಶುರು ಮಾಡಿ.